ಆಮೆ ಸಂಘದ ನಲವತ್ತೆರಡನೆಯ ಹೆಸರು

ಹ್ಯಾರಿಸನ್

ಅಮೆರಿಕದ ನೆಲದಲ್ಲಿ ನನ್ನನ್ನು ಮೊದಲು ಮಾತಾಡಿಸಿದವನು ಗಾಜಿನ ಗೂಡಿನಲ್ಲಿ ಕೂತಿದ್ದ ಅಧಿಕಾರಿ. ಏನು ನೋಡಲು ಬಂದಿದ್ದೀರಿ ಎಂದು ಕೇಳಿದ. ಅಶ್ವಿನಿ ಅಕ್ಕ, ಅಂದರೆ ನನ್ನ ದೊಡ್ಡಮ್ಮನ ಮಗಳು, ಹದಿನೈದು ದಿನದಿಂದ ಫೋನಿನಲ್ಲಿ ಉತ್ತರ ಉರು ಹೊಡೆಸಿದ್ದಳು. ನ್ಯೂಜೆರ್ಸಿಯಲ್ಲಿ ಅಕ್ಕನ ಮನೆ, ನ್ಯೂಯಾರ್ಕ್ ಸುತ್ತಾಟ, ಮೂರು ವಾರ, ವಾಪಸ್ ಟಿಕೆಟ್ ಇದೆ. ಅಷ್ಟು ಹೇಳು, ಬಾಯಿ ಮುಚ್ಚು. ಇಡೀ ದಿನ ಮಡಚಿಕೊಂಡು ಕೂತು ಬಂದ ತಲೆಗೆ ಅದೊಂದೂ ನೆನಪಾಗಲಿಲ್ಲ. ನಿಜ ಹೊರಗೆ ಬಿತ್ತು.

"ಸಮಾಧಿಗಳು," ಅಂದೆ.

"ಯಾರ ಸಮಾಧಿ?"

"ಇನ್ನೂ ಗೊತ್ತಿಲ್ಲ ಸರ್. ಹುಡುಕ್ಬೇಕು."

ಅವನು ಪೆನ್ನು ಕೆಳಗಿಟ್ಟ. ನನ್ನನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿದ್ದ ದಪ್ಪ ಕನ್ನಡಕದ ಹೆಂಗಸಿಗೆ ನನ್ನ ಇಡೀ ಪುರಾಣ ಹೇಳಿ, ಫೋನಿನಲ್ಲಿದ್ದ ಹೆಸರಿನ ಪಟ್ಟಿ ತೋರಿಸಿದೆ. ಆಕೆ ಮೇಲಿಂದ ಕೆಳಗೆ ಓದಿ, "ಇದರಲ್ಲಿ ಒಬ್ಬ ಹೆಂಗಸೂ ಇಲ್ಲವಲ್ಲ?" ಎಂದು ಮುಖ ಸಿಂಡರಿಸಿ, ಠಸ್ಸೆ ಹೊಡೆದು ಬಿಟ್ಟಳು. ಹೊರಗೆ ಕಾಯುತ್ತಿದ್ದ ಅಕ್ಕ ನನ್ನನ್ನು ಅಪ್ಪಿಕೊಳ್ಳುವ ಬದಲು ತಲೆಗೆ ಮೊಟಕಿದಳು.

ಆ ಪಟ್ಟಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ನ್ಯೂಜೆರ್ಸಿಯ ಹಳೆಯ ವಿಶ್ವವಿದ್ಯಾಲಯವೊಂದರಲ್ಲಿ ಒಂದು ಗುಪ್ತ ಸಂಘ ಇದೆ. ಬೆನ್ನ ಮೇಲೆ ಲಾಟೀನು ಹೊತ್ತ ಆಮೆ ಅವರ ಗುರುತು. ಇಂಗ್ಲಿಷಿನಲ್ಲಿ ಉದ್ದದ ಹೆಸರಿದೆ, ನಾನು ಆಮೆ ಸಂಘ ಅನ್ನುತ್ತೇನೆ. ವರ್ಷಕ್ಕೆ ಎಂಟೇ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಾರೆ. ಸೇರಿದವನು ಬದುಕಿರುವಷ್ಟು ದಿನ ಯಾರಿಗೂ, ಕಟ್ಟಿಕೊಂಡ ಹೆಂಡತಿಗೂ, ಬಾಯಿ ಬಿಡುವಂತಿಲ್ಲ. ಅವನು ಸತ್ತಾಗ ಯಾರೋ ಬಂದು ಹಸಿರು ಗಾಜಿನ ಒಂದು ಪುಟ್ಟ ಲಾಟೀನನ್ನು ಸಮಾಧಿಯ ಬಳಿ ಇಟ್ಟು ಮಾತಿಲ್ಲದೆ ಹೋಗುತ್ತಾರೆ. ಅವತ್ತು ಊರಿಗೆ ಗೊತ್ತಾಗುತ್ತದೆ: ಓಹೋ, ಇವನೂ ಆಮೆ. ಹಾಗಾಗಿ ಈ ಸಂಘದ ಗೊತ್ತಿರುವ ಸದಸ್ಯರೆಲ್ಲ ಸತ್ತವರೇ. ನಮ್ಮ ಪಟ್ಟಿಯಲ್ಲಿ ನಲವತ್ತೊಂದು ಜನ ಇದ್ದಾರೆ, ಒಬ್ಬರಿಗೂ ಉಸಿರಿಲ್ಲ.

ನಾನು ಮೈಸೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುವವಳು. ಮೂರು ವರ್ಷದ ಹಿಂದೆ ಒಂದು ಆಲ್ಬಮ್ಮಿನ ಅಂಚಿಗೆ ಹಸಿರು ದೀಪದ ಚಿತ್ರ ಬೇಕೆಂದು ಹುಡುಕಲು ಹೋಗಿ ಇದರೊಳಗೆ ಬಿದ್ದೆ. ಯಾರೂ ಕಲಿಸಲಿಲ್ಲ, ಯಾರೂ ತಡೆಯಲೂ ಇಲ್ಲ. ಅಮ್ಮ ಮಾತ್ರ, "ಬೆಳಿಗ್ಗೆ ಎದ್ದು ದೇವರ ಮುಖ ನೋಡೋ ಹೊತ್ತಲ್ಲಿ ಯಾರೋ ಬಿಳಿಯರ ಶ್ರದ್ಧಾಂಜಲಿ ಓದ್ತಾಳೆ," ಎಂದು ಬಂದವರ ಹತ್ತಿರವೆಲ್ಲ ಹೇಳಿಕೊಳ್ಳುತ್ತಿದ್ದರು.

ಪಟ್ಟಿ ನೋಡಿಕೊಳ್ಳುವುದು ಅಮೆರಿಕದ ಏಳೆಂಟು ಮಂದಿ ಹುಚ್ಚರು. ಅವರ ಮುಖಂಡ ಇಂಟರ್ನೆಟ್ಟಿನಲ್ಲಿ ತನ್ನನ್ನು ಹಸಿರುದೀಪ ಎಂದು ಕರೆದುಕೊಳ್ಳುತ್ತಾನೆ. ಹಳೆಯ ಶವಸಂಸ್ಕಾರದ ಫೋಟೋಗಳನ್ನು ದೊಡ್ಡದು ಮಾಡಿ, ಮೂಲೆಯಲ್ಲಿ ಮಂಜಾಗಿದ್ದ ಲಾಟೀನು ಹಿಡಿದು, ಆರು ಹೆಸರು ಹುಡುಕಿಕೊಟ್ಟವಳು ನಾನು. ಅದರಲ್ಲಿ ಎರಡನ್ನು ಅವನು ಅಳಿಸಿದ. ಜಾಗಕ್ಕೆ ಬಂದು ಕಣ್ಣಾರೆ ನೋಡದವರ ಮಾತು ಸಾಕ್ಷಿಯಲ್ಲವಂತೆ. ಜೊತೆಗೆ ಒಂದು ಸವಾಲು ಹಾಕಿದ. ಬದುಕಿರುವ ಒಬ್ಬನೇ ಒಬ್ಬ ಸದಸ್ಯನನ್ನು ತೋರಿಸಿ, ಸಂಘದವರು ಪ್ರತಿಯೊಬ್ಬನಿಗೂ ಕೊಡುವ ಬೆಳ್ಳಿ ಬಟ್ಟಲಿನ ಫೋಟೋ ಸಮೇತ. ತಂದವರ ಕೈಗೆ ಇಡೀ ಪಟ್ಟಿ ಒಪ್ಪಿಸುತ್ತೇನೆ.

ಅಕ್ಕ ಬೇಸಿಗೆಗೆ ಬಾ ಎಂದು ಕರೆದಿದ್ದು ನಾಲ್ಕು ಅಂಗಡಿ, ಎರಡು ಸೇತುವೆ ತೋರಿಸಲಿಕ್ಕೆ. ನಾನು ಬಂದಿದ್ದು ಪಟ್ಟಿಗೆ ಯಜಮಾನಿಯಾಗಲಿಕ್ಕೆ.

ಹ್ಯಾರಿಸನ್‌ನಲ್ಲಿ ಅಕ್ಕನ ಮನೆ ಹೊಸ ಅಪಾರ್ಟ್‌ಮೆಂಟಿನ ಐದನೇ ಮಹಡಿ. ಬೆಳಿಗ್ಗೆ ಕಿಟಕಿಯಲ್ಲಿ ನಿಂತರೆ ಇಡೀ ಬೀದಿ ಬೆನ್ನಿಗೆ ಚೀಲ ಹಾಕಿಕೊಂಡು ರೈಲಿನ ಕಡೆ ನಡೆಯುತ್ತದೆ. ನಮ್ಮಲ್ಲಿ ಬಸ್ಸಿಗೆ ಹೋಗುವವರು ಹಾದಿಯಲ್ಲಿ ಮೂರು ಜನರ ಮನೆವಾರ್ತೆ ವಿಚಾರಿಸುತ್ತಾರೆ. ಇಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಗುಪ್ತ ಸಂಘ ನಡೆಸಲು ಇದಕ್ಕಿಂತ ಒಳ್ಳೆಯ ದೇಶ ಇಲ್ಲ. ನಂಜನಗೂಡಿನಲ್ಲಿ ಎಂಟು ಜನ ಗುಟ್ಟಾಗಿ ಸೇರಿದರೆ ಒಂಬತ್ತನೆಯವನು ಕಾಫಿ ತೆಗೆದುಕೊಂಡು ಬರುತ್ತಾನೆ.

ವಿಶ್ವವಿದ್ಯಾಲಯದ ಊರು

ಗ್ರಂಥಾಲಯದ ಹಳೆಯ ದಾಖಲೆಗಳ ಕೋಣೆಗೆ ಹೋಗಲು ಮುಂಚೆಯೇ ಪತ್ರ ಬರೆದು ಒಪ್ಪಿಗೆ ಪಡೆದಿದ್ದೆ. ಚೀಲ ಹೊರಗಿಡಿ, ಪೆನ್ನು ಹೊರಗಿಡಿ, ನೀರಿನ ಬಾಟಲಿ ಹೊರಗಿಡಿ ಅಂದರು. ಚಪ್ಪಲಿಯೂ ಇರಬೇಕು ಎಂದುಕೊಂಡು ನಾನೇ ಬಿಟ್ಟೆ. ಗ್ರಂಥಪಾಲಕ ಎತ್ತರದ, ಬಗ್ಗಿದ ಮನುಷ್ಯ. ನನ್ನ ಬರಿಗಾಲು ನೋಡಿದ. ಒಂದು ಪೆನ್ಸಿಲ್ ಕೊಟ್ಟು, ರಟ್ಟಿನ ಪೆಟ್ಟಿಗೆಗಳನ್ನು ತಂದು ಒಂದನ್ನು ಮೇಜಿನ ಮೇಲೆ, ಉಳಿದದ್ದನ್ನು ಪಕ್ಕದ ಕುಳ್ಳ ಗಾಡಿಯ ಮೇಲೆ ಇಟ್ಟ.

ಕುರ್ಚಿ ಎಳೆದು ಕೂರುವಾಗ ಗಾಡಿಯ ಮೇಲಿದ್ದ ಪೆಟ್ಟಿಗೆಗೆ ನನ್ನ ಕಾಲು ತಾಗಿತು. ಕೈ ತನ್ನಷ್ಟಕ್ಕೆ ಹೋಯಿತು. ಪೆಟ್ಟಿಗೆ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡೆ. ಸಾಲದೆಂದು ಇನ್ನೊಂದು ಸಲ.

ಗ್ರಂಥಪಾಲಕ ನಿಂತಲ್ಲೇ ನಿಂತ. ಬಾಗಿಲ ಕಡೆ ನೋಡಿ, ನನ್ನ ಹತ್ತಿರ ಬಗ್ಗಿ, ಪಿಸುದನಿಯಲ್ಲಿ, "ಕ್ಷಮಿಸಿ, ನೀವು… ಅವರ ಕಡೆಯವರಾ?" ಎಂದ.

ಒಂದು ಕ್ಷಣ ನನಗೆ ಹೌದು ಅನ್ನುವ ಆಸೆಯಾಯಿತು. ಕೊನೆಗೆ ಸರಸ್ವತಿಯ ವಿಷಯ ವಿವರಿಸಿದೆ. ಪುಸ್ತಕಕ್ಕೆ ಕಾಲು ತಾಗಿದರೆ ವಿದ್ಯೆ ಹೋಗುತ್ತದೆ ಎಂದಾಗ ಅವನು ತನ್ನ ಬೂಟು ನೋಡಿಕೊಂಡು, ಗಾಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದ.

ಪೆಟ್ಟಿಗೆಯಲ್ಲಿದ್ದದ್ದು ಸಂಘದ ವರ್ಷಾವಾರು ಫೋಟೋಗಳು. ನೋಡಿ ಹೊಟ್ಟೆ ಉರಿಯಿತು. ಪ್ರತಿ ವರ್ಷ ಎಂಟು ಜನ, ಒಂದೇ ಕಲ್ಲಿನ ಮೆಟ್ಟಿಲು, ಎಲ್ಲರೂ ಕ್ಯಾಮೆರಾಕ್ಕೆ ಬೆನ್ನು ಹಾಕಿದ್ದಾರೆ! ಟೋಪಿ ತೆಗೆದು ಹಿಂದೆ ಹಿಡಿದು, ತಲೆ ತಗ್ಗಿಸಿ ನಿಂತಿದ್ದಾರೆ. ನಮ್ಮ ಸ್ಟುಡಿಯೋದಲ್ಲಿ ಇಂಥ ಫೋಟೋ ತೆಗೆದರೆ ಹುಡುಗಿಯ ಕಡೆಯವರು ಕ್ಯಾಮೆರಾ ಕಿತ್ತುಕೊಳ್ಳುತ್ತಾರೆ.

ಆದರೂ ನಾನು ದಿನಕ್ಕೆ ಸಾವಿರ ತಲೆ ನೋಡುವವಳು. ಒಂದೊಂದೇ ನೋಡುತ್ತಾ ಹೋದೆ. ಎಪ್ಪತ್ತರ ದಶಕದ ಕೊನೆಯ ಒಂದು ಫೋಟೋದಲ್ಲಿ ಕೈ ನಿಂತಿತು. ಉದ್ದನೆಯ ಹೊಂಬಣ್ಣದ ತಲೆಗಳ ನಡುವೆ ಒಂದು ಕುಳ್ಳನೆಯ ಕಪ್ಪು ತಲೆ. ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ ಕೂದಲು. ಎಣ್ಣೆ ಅಂತ ಹೇಗೆ ಗೊತ್ತು ಅನ್ನಬೇಡಿ, ಬೆಳಕು ಜಾರುವ ರೀತಿ ನೋಡಿದರೆ ಗೊತ್ತಾಗುತ್ತದೆ. ನಡುನೆತ್ತಿಯಲ್ಲಿ ಒಂದಲ್ಲ, ಎರಡು ಸುಳಿ.

ಎರಡು ಸುಳಿ ಇದ್ದವರಿಗೆ ಎರಡು ಮದುವೆ ಅನ್ನುತ್ತಾರೆ ನಮ್ಮ ಕಡೆ. ಗ್ರಂಥಪಾಲಕನ ಒಪ್ಪಿಗೆ ಕೇಳಿ ಫೋನಿನಲ್ಲಿ ಆ ಫೋಟೋ ತೆಗೆದುಕೊಂಡೆ. ಹೆಸರಿಲ್ಲ, ಮುಖವಿಲ್ಲ. ಸಾಕ್ಷಿ ಅಂತ ಇರುವುದು ಒಂದು ನೆತ್ತಿ. ಸಂಜೆ ಅಕ್ಕನಿಗೆ ತೋರಿಸಿದರೆ, "ಇದಕ್ಕೆ ಸಮುದ್ರ ದಾಟಿ ಬಂದ್ಯಾ? ಸಲೂನ್ ಮುಂದೆ ನಿಂತಿದ್ರೆ ಸಾಕಿತ್ತಲ್ಲೇ!" ಅಂದಳು.

ಬಾಸ್ಕಿಂಗ್ ರಿಡ್ಜ್

ನಮ್ಮ ಪಟ್ಟಿಯ ಮೂವತ್ತೊಂಬತ್ತನೆಯವನ ಸಮಾಧಿ ಬಾಸ್ಕಿಂಗ್ ರಿಡ್ಜ್ ಕಡೆ ಇದೆ. ಹಸಿರುದೀಪ ಅಳಿಸಿದ್ದ ಎರಡು ಹೆಸರಿನ ಮಂಜು ಫೋಟೋಗಳಲ್ಲಿದ್ದದ್ದೂ ಇವನದೇ ಥರದ ಲಾಟೀನು ಅನ್ನುವುದು ನನ್ನ ವಾದ, ಅದಕ್ಕೇ ಕಣ್ಣಾರೆ ನೋಡಬೇಕಿತ್ತು. ಅಕ್ಕ ಗುರುವಾರ ಮಧ್ಯಾಹ್ನ ಡ್ರೈವ್ ಮಾಡಿಕೊಂಡು ಕರೆದೊಯ್ದಳು, ದಾರಿಯುದ್ದಕ್ಕೂ ಬೈಯುತ್ತಾ.

"ನಾಳೆ ವರಮಹಾಲಕ್ಷ್ಮಿ ಹಬ್ಬ. ಇವತ್ತು ಸ್ಮಶಾನ. ದೊಡ್ಡಮ್ಮಂಗೆ ಗೊತ್ತಾದ್ರೆ ನನ್ನನ್ನೂ ಇಲ್ಲೇ ಮಣ್ಣು ಮಾಡ್ತಾರೆ."

"ನಿಮ್ಮಮ್ಮ ನಂಗೆ ದೊಡ್ಡಮ್ಮ. ನಿಂಗೆ ಅಮ್ಮ. ಟೆನ್ಷನ್ನಲ್ಲಿ ಸಂಬಂಧ ಮರೀಬೇಡ."

"ಬಾಯ್ಮುಚ್ಚು. ಮನೆಗೆ ಹೋಗಿ ತಲೆಗೆ ಸ್ನಾನ ಮಾಡೋವರ್ಗೂ ಏನೂ ಮುಟ್ಟಬೇಡ."

ಅಲ್ಲಿಯ ಸ್ಮಶಾನ ನಮ್ಮೂರ ಪಾರ್ಕಿಗಿಂತ ಚೆನ್ನಾಗಿದೆ. ಹುಲ್ಲು ಕತ್ತರಿಸಿದ್ದಾರೆ, ಬೆಂಚು ಇಟ್ಟಿದ್ದಾರೆ. ಜನ ನಾಯಿ ಕರೆದುಕೊಂಡು ವಾಕಿಂಗ್ ಬರುತ್ತಾರೆ. ನಮ್ಮ ಮೂವತ್ತೊಂಬತ್ತನೆಯವನ ಕಲ್ಲಿನ ಬುಡದಲ್ಲಿ ಹಸಿರು ಲಾಟೀನು ಇತ್ತು. ಮೂರು ವರ್ಷ ಪರದೆಯ ಮೇಲೆ ನೋಡಿದ್ದು ಅಂಗೈಯಗಲ ದೂರದಲ್ಲಿ! ಗಾಜಿಗೆ ಒಂದು ಕಡೆ ಬಿರುಕು, ಹಿಡಿಕೆ ಸೊಟ್ಟ. ನಾನು ಅಂಗಾತ, ಬೋರಲು, ಎಲ್ಲ ಕೋನದಲ್ಲೂ ಬಿದ್ದು ಫೋಟೋ ತೆಗೆಯುತ್ತಿದ್ದರೆ ಅಕ್ಕ ಗೇಟಿನ ಹೊರಗೆ ರಸ್ತೆಯ ಮೇಲೆ ನಿಂತು ಇನ್ನೊಬ್ಬರ ಅಕ್ಕನ ಹಾಗೆ ನಟಿಸುತ್ತಿದ್ದಳು.

ನಾಯಿಯ ಜೊತೆ ಬಂದ ಒಬ್ಬ ಮುದುಕ ನಿಂತ. ಸಮಾಧಿಯೊಳಗಿನವನ ಪಕ್ಕದ ಮನೆಯವನಂತೆ.

"ಐವತ್ತು ವರ್ಷ ಅವನ ಹೆಂಡತಿಗೆ ಬೌಲಿಂಗ್ ಆಡಲು ಹೋಗುತ್ತೇನೆ ಅಂದಿದ್ದ," ಎಂದ. ಅಂದರೆ ಕ್ರಿಕೆಟ್ ಅಲ್ಲ, ಚೆಂಡುರುಳಿಸಿ ಗೂಟ ಬೀಳಿಸುವ ಅವರ ಆಟ. "ಹೂಳುವ ದಿನ ಈ ಲಾಟೀನು ಬಂತು. ಅವಳು ನೋಡಿದಳು. ಮನೆಗೆ ತಂದು ಕಸದ ಡಬ್ಬಕ್ಕೆ ಎಸೆದಳು. ಕಸದ ಲಾರಿ ಬರುವ ದಿನ ಬೆಳಿಗ್ಗೆ ರಸ್ತೆಗೆ ಓಡಿ ಬಂದು ಡಬ್ಬ ಬಗ್ಗಿಸಿ ಹುಡುಕಿ, ತಂದು ಮತ್ತೆ ಇಲ್ಲಿಟ್ಟಳು. ಹಿಡಿಕೆ ಸೊಟ್ಟಗಾಗಿದ್ದು ಆಗ."

"ಕೋಪ ಹೋಯ್ತಾ?"

"ಇಲ್ಲ. ಬೌಲಿಂಗ್ ಶೂ ಮಾತ್ರ ಇನ್ನೂ ಇಟ್ಟುಕೊಂಡಿದ್ದಾಳೆ. ಒಂದು ಗೀರೂ ಇಲ್ಲ ಅದರ ಮೇಲೆ ಅಂತ ಎಲ್ಲರಿಗೂ ತೋರಿಸುತ್ತಾಳೆ."

ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ. ಒಳ್ಳೆಯ ಕತೆ ಸಿಕ್ಕಿತು ಅನ್ನುವ ಖುಷಿ ಬಿಟ್ಟರೆ ಬೇರೇನೂ ಅನ್ನಿಸಲಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಅನ್ನಿಸಿತು.

ಕೆಂಡಲ್ ಪಾರ್ಕ್, ಶುಕ್ರವಾರ

ಅಕ್ಕನಿಗೆ ಕೆಂಡಲ್ ಪಾರ್ಕಿನ ವಿಮಲಾ ಆಂಟಿಯ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆ ಇತ್ತು. ಆಂಟಿ, ಅವರ ಯಜಮಾನರು ಸುಧೀಂದ್ರ ಅಂಕಲ್, ಇಬ್ಬರೂ ಚಾಮರಾಜನಗರದ ಕಡೆಯವರು, ನಲವತ್ತು ವರ್ಷದ ಮೇಲಾಯಿತು ಬಂದು. ಅಂಕಲ್ ರಿಟೈರ್ಡ್ ಎಂಜಿನಿಯರ್. ಮಕ್ಕಳಿಲ್ಲ. ಆದರೆ ಹೊಸದಾಗಿ ಬಂದ ಕನ್ನಡದವರೆಲ್ಲ ಅವರ ಮನೆಯಲ್ಲಿ ಒಂದು ಸಲ ಊಟ ಮಾಡಿಯೇ ಮುಂದಿನ ಬಾಡಿಗೆ ಮನೆ ಹುಡುಕಿದವರು.

ಬಾಗಿಲಲ್ಲಿ ಚಪ್ಪಲಿಯ ಗುಡ್ಡೆ. ಒಳಗೆ ರೇಷ್ಮೆ ಸೀರೆ, ಕೋಸಂಬರಿ, ಉಸಲಿ. ಗಂಡಸರು ನೆಲಮಾಳಿಗೆಯಲ್ಲಿ ಕ್ರಿಕೆಟ್ ಮುಂದೆ. ಮಕ್ಕಳು ಮೆಟ್ಟಿಲ ಮೇಲೆ ಇಂಗ್ಲಿಷಿನಲ್ಲಿ ಜಗಳ. ಅಂಕಲ್ ಒಬ್ಬರೇ ಮೇಲೆ, ದೇವರ ಮುಂದೆ, ಬ್ಯಾಂಕಿನ ಕಾವಲುಗಾರನ ಹಾಗೆ ನಿಂತಿದ್ದರು. ಬೋಳುತಲೆ, ಪಂಚೆ, ಕೈ ಕಟ್ಟಿಕೊಂಡಿದ್ದರು.

"ಇವರ್ದು ಪ್ರತಿ ವರ್ಷ ಇದೇ ಗೋಳು," ಎಂದು ಆಂಟಿ ನಕ್ಕರು. "ಕೆಳಗೆ ಹೋಗ್ರೀ ಅಂದ್ರೆ ಹೋಗಲ್ಲ. ದೇವಿ ಮೇಲೆ ಭಕ್ತಿ ಅಲ್ಲ ಕಣಮ್ಮ, ಬೆಳ್ಳಿ ಸಾಮಾನಿನ ಮೇಲೆ ಕಣ್ಣು. ಬಾ, ಕುಂಕುಮ ಇಟ್ಕೋ ಬಾ."

ಆಂಟಿ ಕುಂಕುಮದ ಬಟ್ಟಲು ಮುಂದೆ ಹಿಡಿದರು. ನಾನು ಬೆರಳು ಅದ್ದಿದೆ, ಹಣೆಗೆ ಹೋಗಬೇಕಿದ್ದ ಬೆರಳು ಗಾಳಿಯಲ್ಲೇ ನಿಂತಿತು.

ಬಟ್ಟಲು ಒಂದು ಆಮೆಯ ಬೆನ್ನ ಮೇಲೆ ಕೂತಿತ್ತು. ಅದರ ಆಕಾರ ಲಾಟೀನಿನದು.

ಒಬ್ಬ ಸತ್ತ ಸದಸ್ಯನ ಮೊಮ್ಮಗ ಬರೆದುಕೊಟ್ಟ ಪೆನ್ಸಿಲ್ ಚಿತ್ರ ಬಿಟ್ಟರೆ ಆ ಬಟ್ಟಲನ್ನು ಹೊರಗಿನವರು ಯಾರೂ ನೋಡಿಲ್ಲ ಎಂದು ಹಸಿರುದೀಪ ಮೂರು ವರ್ಷದಿಂದ ಬರೆಯುತ್ತಿದ್ದಾನೆ. ಇಲ್ಲಿ ನ್ಯೂಜೆರ್ಸಿಯ ಅರ್ಧ ಕನ್ನಡ ಹೆಂಗಸರು ಅದರಲ್ಲಿ ಬೆರಳು ಅದ್ದಿ ಹೋಗಿದ್ದಾರೆ.

"ಆಂಟಿ, ಇದು… ತುಂಬಾ ಚೆನ್ನಾಗಿದೆ. ಎಲ್ಲಿಂದ ತಂದ್ರಿ?"

"ಅಯ್ಯೋ, ಅದಾ? ಕಾಲೇಜಲ್ಲಿ ಚೆಸ್ ಗೆದ್ದಿದ್ದಕ್ಕೆ ಕೊಟ್ರಂತೆ. ನಾನು ಮದುವೆಯಾಗಿ ಬಂದಾಗ ಗ್ಯಾರೇಜಲ್ಲಿ ಬೂಟಿನ ಡಬ್ಬದೊಳಗೆ ಇಟ್ಟಿದ್ರು. ಕೂರ್ಮಾವತಾರ, ಮೇಲೆ ದೀಪ, ಬೆಳ್ಳಿ ಬೇರೆ! ಬೂಟಿನ ಡಬ್ಬದಲ್ಲಿ ಇಡ್ತಾರಾ ಯಾರಾದ್ರೂ? ತೊಳೆದು ದೇವರ ಮುಂದೆ ಇಟ್ಟೆ. ಇವರ ಮುಖ ನೋಡ್ಬೇಕಿತ್ತು ಆಗ."

ಇವರ ಮುಖ ಈಗಲೂ ನೋಡಬೇಕಾಗಿತ್ತು. ಅಂಕಲ್ ನನ್ನನ್ನೇ ನೋಡುತ್ತಿದ್ದರು.

ಆಂಟಿ ಬಟ್ಟಲು ಕೆಳಗಿಟ್ಟು ಇನ್ನೊಬ್ಬರನ್ನು ಕರೆಯಲು ಹೋದರು. ನಾನು ಮಾಡಬಾರದ್ದು ಮಾಡಿದೆ. ಬಟ್ಟಲನ್ನು ಎತ್ತಿ, ಕುಂಕುಮ ಚೆಲ್ಲದ ಹಾಗೆ ತಲೆಯ ಮೇಲೆ ಹಿಡಿದು ತಳ ನೋಡಿದೆ. ಚಿತ್ರದಲ್ಲಿದ್ದ ಹಾಗೆಯೇ ಸುತ್ತಲೂ ಎಂಟು ಗೀರು, ಅದರಲ್ಲಿ ಒಂದು ಮಾತ್ರ ಉದ್ದ. ಫೋನ್ ತೆಗೆದು ಒಂದು ಫೋಟೋ ಹೊಡೆದೆ. ನನ್ನ ಹಣೆ, ಮೂಗು, ನಾನು ಉಟ್ಟಿದ್ದ ಅಕ್ಕನ ಸೀರೆ, ಎಲ್ಲದರ ಮೇಲೂ ಕುಂಕುಮ ಉದುರಿತು.

"ಏಯ್! ನನ್ನ ಮದುವೆ ಸೀರೆ ಕಣೇ ಅದು!" ಎಂದು ಅಕ್ಕ ಕಿರುಚಿದಳು.

ಗದ್ದಲದಲ್ಲಿ ಎಲ್ಲರೂ ನಕ್ಕರು. ಒಬ್ಬ ಅಜ್ಜಿ, "ಮೈತುಂಬಾ ಕುಂಕುಮ ಚೆಲ್ಲಿದೆ, ಇನ್ನೊಂದು ವರ್ಷದಲ್ಲಿ ಮದುವೆ ಗ್ಯಾರಂಟಿ," ಎಂದರು. ಅದಕ್ಕೆ ಆಂಟಿ ಅಂಕಲ್ ಕಡೆ ಕೈ ತೋರಿಸಿ ಹೇಳಿದ್ದು ನನ್ನ ಕಿವಿಗೆ ಸಿಡಿಲಿನ ಹಾಗೆ ಬಿತ್ತು.

"ಮದುವೆ ಭವಿಷ್ಯ ಎಲ್ಲಾ ನಂಬಬೇಡಿ. ಇವರಿಗೆ ನೆತ್ತೀಲಿ ಎರಡು ಸುಳಿ. ಎರಡು ಮದುವೆ ಆಗ್ತಾನೆ, ಹುಷಾರು ಅಂತ ನಮ್ಮತ್ತೆನೇ ನನ್ನ ಹೆದರಿಸಿದ್ರು. ಈಗ ಸುಳೀನೂ ಇಲ್ಲ, ಕೂದಲೂ ಇಲ್ಲ."

ಕೆಂಡಲ್ ಪಾರ್ಕ್, ಗ್ಯಾರೇಜ್

ಕೆಲವರು ಹೊರಟ ಮೇಲೆ ಅಂಕಲ್ ನನ್ನನ್ನು ಕರೆದರು. "ಬಾಮ್ಮ, ಗ್ಯಾರೇಜಿಂದ ಖಾಲಿ ಡಬ್ಬಗಳನ್ನ ತರ್ಬೇಕು, ಕೈ ಜೋಡಿಸು." ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ, ಹಿಮ ಎತ್ತುವ ಸಲಿಕೆ, ಅಕ್ಕಿಮೂಟೆ, ಎರಡು ಹಳೆಯ ಗ್ರೈಂಡರ್. ಬಾಗಿಲು ಹಾಕಿದರು.

"ಯಾರು ಕಳಿಸಿದ್ದು ನಿನ್ನ?"

"ಯಾರೂ ಇಲ್ಲ ಅಂಕಲ್. ನಾನೇ ಬಂದೆ. ಹವ್ಯಾಸ."

"ಹವ್ಯಾಸಾನಾ? ಹುಡುಗೀರು ಅಂಚೆಚೀಟಿ ಕೂಡಿಸಬಾರ್ದಾ?"

ಫೋನಿನಲ್ಲಿದ್ದ ಹಳೆಯ ಫೋಟೋ ತೋರಿಸಿದೆ. ಅಂಕಲ್ ಕನ್ನಡಕ ಮೇಲೆತ್ತಿ, ಪರದೆ ಹತ್ತಿರ ಹಿಡಿದು, ಬಹಳ ಹೊತ್ತು ತಮ್ಮದೇ ನೆತ್ತಿ ನೋಡಿದರು.

"ಎಷ್ಟು ಕೂದಲಿತ್ತು ನೋಡು," ಅಂದರು.

ಆಮೇಲೆ ಅಕ್ಕಿಮೂಟೆಯ ಮೇಲೆ ಕೂತು ಮಾತಾಡಿದರು. ಸಂಘ ಏನು ಮಾಡುತ್ತದೆ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರು. ಪ್ರಮಾಣ ಪ್ರಮಾಣವೇ ಅಂತೆ. ತಿಂಗಳ ಮೊದಲ ಗುರುವಾರ ಉಳಿದವರು ಸೇರುತ್ತಾರೆ, ಅಷ್ಟು ಮಾತ್ರ ಹೇಳಿದರು. ಮನೆಯಲ್ಲಿ ಅದಕ್ಕೆ ಚೆಸ್ ಕ್ಲಬ್ ಎಂದು ಹೆಸರು.

"ನಾನು ನಿಮ್ಮ ಹೆಸರು ಇಂಟರ್ನೆಟ್ಟಿಗೆ ಹಾಕಿದರೆ ಏನಾಗುತ್ತೆ ಅಂಕಲ್?"

"ಏನೂ ಆಗಲ್ಲ. ಕೊಲೆಗಿಲೆ ಮಾಡಲ್ಲ, ಎಲ್ಲರಿಗೂ ಮಂಡಿನೋವು. ನನ್ನ ಹೆಸರು ಹೊಡೆದು ಹಾಕ್ತಾರೆ. ದೀಪ ಬರಲ್ಲ, ಅಷ್ಟೇ."

"ದೀಪ ಬೇಕಾ ನಿಮಗೆ?"

ಅವರು ಮೂಟೆಯ ಹೊಲಿಗೆಯ ದಾರ ಎಳೆಯುತ್ತಾ ಕೂತರು.

"ನೋಡಮ್ಮ. ನಾಳೆ ನಾನು ಹೋದರೆ ಈ ಮನೆ ತುಂಬಾ ಜನ ಬರ್ತಾರೆ. ಭಜನೆಯೋರು, ಹಬ್ಬದೋರು, ಅಡುಗೆ ಕಲಿತೋರು. ಎಲ್ಲಾ ವಿಮಲನ ಕಡೆಯೋರು. ಮದುವೇಲಿ ಹುಡುಗನ ಕಡೆ, ಹುಡುಗಿ ಕಡೆ ಅಂತ ಇರಲ್ವಾ? ಹಾಗೆ ನನ್ನ ಕಡೆಯಿಂದ ಒಂದು ದೀಪ ಇರ್ಲಿ ಅಂತ. ಬೇರೇನಿಲ್ಲ." ಎದ್ದು ಪಂಚೆ ಕೊಡವಿಕೊಂಡರು. "ಹಾಕ್ತೀಯಾದ್ರೆ ಹಾಕು. ಆದರೆ ಆಂಟಿಗೆ ಮೊದಲು ನಾನೇ ಹೇಳ್ಬೇಕು, ಒಂದು ದಿನ ಟೈಮ್ ಕೊಡು. ನಲವತ್ತು ವರ್ಷದಲ್ಲಿ ಅವಳಿಗೆ ಹೇಳಿದ ಸುಳ್ಳು ಇದೊಂದೇ."

ನನಗೆ ಬೌಲಿಂಗ್ ಶೂ ನೆನಪಾಯಿತು. ಫೋನು ಕೈಯಲ್ಲಿ ಇಟ್ಟಿಗೆಯಷ್ಟು ಭಾರ. ನಾನು ಮೂರು ವರ್ಷ ಹುಡುಕಿದ ವಸ್ತು ಅದರಲ್ಲಿ ಸ್ಪಷ್ಟವಾಗಿ, ಒಳ್ಳೆಯ ಬೆಳಕಿನಲ್ಲಿ, ಕುಂಕುಮ ಸಮೇತ ಇತ್ತು.

ಕೆಂಡಲ್ ಪಾರ್ಕ್, ಅಡುಗೆಮನೆ

ಡಬ್ಬಗಳನ್ನು ಒಳಗಿಟ್ಟಾಗ ಆಂಟಿ ಒಬ್ಬರೇ ತಾಂಬೂಲದ ಚೀಲಗಳನ್ನು ಜೋಡಿಸುತ್ತಿದ್ದರು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸ್. ತಲೆ ಎತ್ತದೆ ಕೇಳಿದರು.

"ದೀಪದ ಕತೆ ಹೇಳಿದ್ರಾ?"

ನನ್ನ ಕೈಯಿಂದ ಡಬ್ಬದ ಮುಚ್ಚಳ ಬಿತ್ತು.

"ಬಟ್ಟಲಿನ ತಳ ತಿರುಗಿಸಿದ್ದು ನೋಡ್ದೆ ಕಣಮ್ಮ. ಇಷ್ಟು ವರ್ಷದಲ್ಲಿ ಯಾರೂ ತಿರುಗಿಸಿರ್ಲಿಲ್ಲ."

"ಆಂಟಿ, ನಿಮಗೆ ಗೊತ್ತಾ?"

"ಚೆಸ್ ಆಡೋಕೆ ಸಾರಿನ ಪುಡಿ ಯಾಕೆ ಬೇಕು, ನೀನೇ ಹೇಳು. ನಾನು ಮನೇಲೇ ಪುಡಿ ಮಾಡೋಳು, ಡಬ್ಬ ಎಷ್ಟು ದಿನ ಬರುತ್ತೆ ಅಂತ ನನಗೆ ಗೊತ್ತಾಗಲ್ವಾ? ತಿಂಗಳಿಗೊಂದು ಗುರುವಾರ ನಾಲ್ಕು ಬೆರಳು ಕಡಿಮೆ. ಕೋಟಿಗೆಲ್ಲಾ ಇಂಗಿನ ವಾಸನೆ. ಮೊದಲು ಯಾರೋ ಹೆಂಗಸು ಇರ್ಬೇಕು ಅಂದ್ಕೊಂಡೆ. ನಮ್ಮತ್ತೆ ಹೇಳಿದ ಎರಡನೇ ಮದುವೆ! ಒಂದು ಗುರುವಾರ ಕಾರಲ್ಲಿ ಹಿಂದೆ ಹೋದೆ. ಕಿಟಕಿಯಿಂದ ನೋಡಿದ್ರೆ, ಇವರು ಏಪ್ರನ್ ಕಟ್ಕೊಂಡು ಒಗ್ಗರಣೆ ಹಾಕ್ತಿದಾರೆ, ಏಳು ಜನ ಬಿಳಿ ಮುದುಕರು ಲೋಟ ಹಿಡ್ಕೊಂಡು ಕ್ಯೂ ನಿಂತಿದಾರೆ. ಗೋಡೆ ಮೇಲೆ ಇಷ್ಟು ದೊಡ್ಡ ಆಮೆ."

"ನೀವು ಕೇಳಲಿಲ್ವಾ?"

"ಏನಂತ ಕೇಳಲಿ? ಮನೇಲಿ ಒಂದು ದಿನ ಕಾಫಿ ಬೆರೆಸಿದೋರಲ್ಲ, ಅಲ್ಲಿ ಸಾರು ಮಾಡ್ತಿದಾರೆ. ಮೈಯೆಲ್ಲಾ ಉರೀತು. ಒಂದು ತಿಂಗಳು ಸಪ್ಪೆ ಸಾರು ಹಾಕ್ದೆ. ಆಮೇಲೆ ಅನ್ನಿಸ್ತು, ಹೋಗ್ಲಿ. ಎರಡನೇ ಮದುವೆ ಆಮೆ ಜೊತೆ ಆಗಿದೆ, ಸವತಿ ಮನೇಲಿ ಇದ್ರೆ ಕಣ್ಣ ಮುಂದೆ ಇರ್ತಾಳೆ ಅಂತ ಆ ಬಟ್ಟಲನ್ನ ದೇವರ ಮುಂದಿನಿಂದ ತೆಗೀಲೇ ಇಲ್ಲ. ಪ್ರತಿ ವರ್ಷ ಇವರು ಅಲ್ಲಿ ನಿಂತು ಬೆವರೋದು ನೋಡೋಕೆ ನಂಗೊಂದು ಖುಷಿ."

ನನ್ನ ಚೀಲಕ್ಕೆ ಎರಡು ತೆಂಗಿನಕಾಯಿ ಹಾಕಿದರು. ಉಳಿದವರಿಗೆಲ್ಲ ಒಂದೊಂದೇ.

"ನಿನ್ನ ಫೋನಲ್ಲಿ ಏನಿದೆಯೋ ನಂಗೆ ಗೊತ್ತಿಲ್ಲ. ನೀನು ಏನಾದ್ರೂ ಮಾಡ್ಕೋ. ಆದರೆ ನಂಗೆ ಗೊತ್ತು ಅಂತ ಅವರಿಗೆ ಮಾತ್ರ ಹೇಳ್ಬೇಡ. ಪಾಪ, ಗುಟ್ಟು ಅಂತ ಇರೋದು ಅದೊಂದೇ."

ಆಚೆ ಹಾಲಿನಿಂದ ಅಂಕಲ್ ಕೂಗಿದರು. "ವಿಮಲಾ, ಆ ಹುಡುಗಿ ಹತ್ರ ಏನು ಗುಸುಗುಸು?"

"ಸಾರಿನ ಪುಡಿ ಅಳತೆ ಹೇಳ್ಕೊಡ್ತಿದೀನಿ ಕಣ್ರೀ!"

ಅಂಕಲ್ ಆ ದಿನ ಮೊದಲ ಸಲ ದೇವರ ಮುಂದಿನಿಂದ ಸರಿದು ನೆಲಮಾಳಿಗೆಯ ಮೆಟ್ಟಿಲು ಇಳಿದ ಸದ್ದು ಕೇಳಿತು.

ನಾನು ಅಡುಗೆಮನೆಯ ಗೋಡೆಗೆ ಒರಗಿ ನಿಂತು ಫೋನ್ ತೆಗೆದೆ. ಬಟ್ಟಲಿನ ಫೋಟೋ ತೆರೆದೆ. ನನ್ನ ಜೀವಮಾನದಲ್ಲಿ ತೆಗೆದ ಅತ್ಯಂತ ಒಳ್ಳೆಯ ಫೋಟೋ ಅದು, ಇಂಥ ಬೆಳಕು ಸ್ಟುಡಿಯೋದಲ್ಲೂ ಸಿಗುವುದಿಲ್ಲ. ಆಂಟಿಗೆ ಒಂದು ಸಲ ತೋರಿಸಿದೆ. "ಅಯ್ಯೋ, ತಳಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿಲ್ಲ, ಕಪ್ಪಾಗಿದೆ," ಎಂದರು. ಅಳಿಸಿಬಿಟ್ಟೆ. ಅಳಿಸಿದ ಮೇಲೆ ಒಂದು ನಿಮಿಷ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಅಕ್ಕ ಬಂದು, ಸೀರೆಗೆ ಬೈದಿದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡು, ಡ್ರೈಕ್ಲೀನ್ ಮಾಡಿಸಿದರೆ ಹೋಗುತ್ತೆ ಬಿಡೇ ಎಂದು ಸಮಾಧಾನ ಮಾಡಿದಳು.

ಮೈಸೂರು

ಹಸಿರುದೀಪ ನಾನು ಊರು ತಲುಪುವ ಮೊದಲೇ ಕೇಳಿದ್ದ: ನ್ಯೂಜೆರ್ಸಿಯಲ್ಲಿ ಏನಾದರೂ ಸಿಕ್ಕಿತೇ? ಬಿಸಿಲು ಜಾಸ್ತಿ ಇತ್ತು ಎಂದು ಬರೆದೆ. ಸೊಟ್ಟ ಹಿಡಿಕೆಯ ಲಾಟೀನಿನ ಹದಿನೇಳು ಫೋಟೋ ಕಳಿಸಿದ್ದಕ್ಕೆ ನನ್ನ ಎರಡು ಹೆಸರಲ್ಲಿ ಒಂದನ್ನು ವಾಪಸ್ ಸೇರಿಸಿದ. ಪಟ್ಟಿ ಅವನ ಹತ್ತಿರವೇ ಇದೆ, ಇರಲಿ.

ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಹೇಗೆ ಬಂತು ಅಂದರೆ, ಮೊದಲನೆಯದಾಗಿ ಅವರ ಹೆಸರು, ಊರು, ಬಟ್ಟಲಿನ ಮೇಲಿನ ಪ್ರಾಣಿ, ಎಲ್ಲವನ್ನೂ ಬದಲಿಸಿದ್ದೇನೆ. ಎರಡನೆಯದಾಗಿ, ಹಬ್ಬದ ದಿನ ಮನೆಮನೆಗೂ ಹೋಗಿ ಕುಂಕುಮದ ಬಟ್ಟಲು ತಲೆಕೆಳಗು ಮಾಡಿ ನೋಡುತ್ತೇನೆ ಅಂತ ಯಾವ ಪತ್ತೇದಾರ ಹೊರಟರೂ ಎರಡನೇ ಮನೆಯಲ್ಲಿ ಪೊರಕೆ ಏಟು ಬೀಳುತ್ತದೆ.

ಹೊರಡುವಾಗ, ಫೋಟೋ ಅಳಿಸಿದೆ ಎಂದು ಹೇಳಿದ್ದಕ್ಕೆ ಅಂಕಲ್ ನನ್ನ ನಂಬರ್ ಇಸಿದುಕೊಂಡಿದ್ದರು. ಅಲ್ಲಿ ರಾತ್ರಿ ಊಟವಾದ ಮೇಲೆ ಅವರು ಕಳಿಸುವ ಗುಲಾಬಿಹೂವಿನ ಶುಭೋದಯ ನನಗೆ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಬರುತ್ತದೆ. ಇಂಥ ಸಂದೇಶ ಕಳಿಸುವವರನ್ನೆಲ್ಲ ಮೊದಲು ನಾನು ಮ್ಯೂಟ್ ಮಾಡುತ್ತಿದ್ದೆ. ಹೋದ ತಿಂಗಳು ಒಂದು ಶುಕ್ರವಾರ ಅದು ಬರಲಿಲ್ಲ. ಸ್ಟುಡಿಯೋದಲ್ಲಿ ಕೈ ಓಡಲಿಲ್ಲ. ಒಂದು ಮದುಮಗನ ತಲೆಯನ್ನು ಬೇರೆಯವರ ಭುಜದ ಮೇಲೆ ಅಂಟಿಸಿಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಆಂಟಿಗೆ, ಅಂಕ್ಲು ಹುಷಾರಾ ಎಂದು ಬರೆದೆ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ, ಸಂಜೆ ಉತ್ತರ ಬಂತು.

"ನಿನ್ನೆ ಮೊದಲ ಗುರುವಾರ ಅಲ್ವಾ? ಚೆಸ್ ಆಡಿ ಸುಸ್ತಾಗಿ ಬಂದು ಮಲಗಿಬಿಟ್ರು. ಡಬ್ಬ ಪೂರ್ತಿ ಖಾಲಿ."

ಅದರ ಹಿಂದೆಯೇ ಅಂಕಲ್ ಕಳಿಸಿದ ಗುಲಾಬಿ, ಹನ್ನೆರಡು ಗಂಟೆ ತಡವಾಗಿ.

ಅಮ್ಮ ಈಗಲೂ ನಾನು ಸತ್ತವರ ಪಟ್ಟಿ ಹಿಡಿದು ಕೂರುತ್ತೇನೆಂದು ಬೈಯುತ್ತಾರೆ. ಅವರಿಗೆ ಏನು ಹೇಳಲಿ. ವಾಪಸ್ ಸೇರಿದ ಹೆಸರೂ ಸೇರಿ ಪಟ್ಟಿಯಲ್ಲಿ ಈಗ ನಲವತ್ತೊಂದು ಜನ ಇದ್ದಾರೆ. ನಲವತ್ತೆರಡನೆಯ ಹೆಸರು ನನಗೆ ಗೊತ್ತು, ಬೆಳಿಗ್ಗೆ ಎದ್ದ ಕೂಡಲೇ ನಾನು ನೋಡುವುದು ಅದಿನ್ನೂ ಅಲ್ಲಿಗೆ ಬಂದಿಲ್ಲ ತಾನೆ ಅಂತ.